ಬಸವ ಜಯಂತಿಗೆ ಮದುವಿ, ಆಮ್ಯಾಲೆ ಇಬ್ಬರೇ ಎಲ್ಲಿಗೆ ಹೋಗೂಣು?

ಕಾರಟಗಿ ಹುಡುಗ

ಎಲ್ಲರಿಗೂ ಶರಣ್ರೀ. ನಮ್ಮೂರು ಕಾರಟಗಿ, ರೈಸ್ ಮಿಲ್ ಒಂದರಾಗ ಲೆಕ್ಕ ಬರಿಯೋ ಕೆಲಸ ನಂದು. ಬಸವ ಜಯಂತಿ ದಿನ ಮದುವಿ ಐತಿ. ಹುಡುಗಿ ಮಾನ್ವಿ ಕಡೆಯಾಕಿ, ಬಿ.ಎಡ್. ಮುಗಿಸ್ಯಾಳ. ಹಿರಿಯರು ನೋಡಿ ಮಾಡಿದ ಸಂಬಂಧ. ನಿಶ್ಚಯ ಆದಮ್ಯಾಲೆ ದಿನಾ ಫೋನಿನ್ಯಾಗ ಮಾತಾಡ್ತೀವಿ, ಆದ್ರ ಊಟ ಆತೇನು, ಮನ್ಯಾಗ ಎಲ್ಲಾರೂ ಆರಾಮೇನು, ಇಷ್ಟರಾಗ ಮಾತು ಮುಗಿದು ಹೋಗ್ತೈತಿ. ಮದುವಿ ಆದಮ್ಯಾಲೆ ಒಂದು ವಾರ ಇಬ್ಬರೇ ಎಲ್ಲಿಗಾದ್ರೂ ಹೋಗಿ ಬರಬೇಕಂತ ನನಗ ಭಾಳ ಆಸೆ ಐತಿ.

ನಾ ಕೂಡಿಸಿಟ್ಟಿದ್ದು 55,000. ಗೆಳೆಯರೆಲ್ಲ ಮನಾಲಿ ಅಂತಾರ. ಒಬ್ಬ ಏಜೆಂಟ್ ಇಬ್ಬರಿಗೂ ಸೇರಿ 72,000ಕ್ಕ ಏಳು ದಿನದ ಪ್ಯಾಕೇಜ್ ತೋರಿಸ್ಯಾನ, ಕಮ್ಮಿ ಬಿದ್ದದ್ದು ಕಂತಿನ್ಯಾಗ ಕಟ್ಟು ಅಂದಾನ. ನಾಳೆ ಒಳಗ 10,000 ಮುಂಗಡ ಕೊಟ್ರ ಮಾತ್ರ ಈ ರೇಟಂತ. ಮನ್ಯಾಗ ಅವ್ವ, "ಮನಿದೇವರಿಗೆ ಹೋಗೂದು ಬಿಟ್ಟು ಇದೇನಪ್ಪ ಹೊಸಾದು, ಮಂದಿ ಏನಂತಾರ" ಅಂತಾಳ. ಮುಂದ ಆಷಾಢ ಬಂದ್ರ ಆಕಿ ತವರಿಗೆ ಹೋಗ್ತಾಳ. ಅಷ್ಟರಾಗ ಕಾಲುವಿಗೆ ನೀರು ಬಿಟ್ರ ನಮ್ಮನ್ಯಾಗ ನಾಟಿ ಕೆಲಸ, ನನ್ನ ಕೈ ಬೇಕ ಬೇಕು.

ತಿಳಿದವರು ಒಂದು ದಾರಿ ಹೇಳ್ರಿ. ಆಕಿಗೆ ಇನ್ನೂ ಏನೂ ಹೇಳಿಲ್ಲ, ಎಲ್ಲಾ ಬುಕ್ ಮಾಡಿ ಒಮ್ಮೆಲೆ ಹೇಳಿ ಖುಷಿ ಪಡಿಸಬೇಕಂತ ಮಾಡೀನಿ.

ಸ್ಟೇಷನ್ ರೋಡ್, ರಾಯಚೂರು

ತಮ್ಮಾ, ಮೊದಲು ಆ 10,000 ಕೊಡಬ್ಯಾಡ. ನಾ ಹದಿನಾಲ್ಕು ವರ್ಷದಿಂದ ಟಿಕೆಟ್ ಮಾಡಿಕೊಡೋ ಅಂಗಡಿ ಇಟ್ಟೀನಿ. "ನಾಳೆ ಒಳಗ" ಅನ್ನೋ ಮಾತು ಬಂತಂದ್ರ ನಿನಗ ಕೇಳಿ ತಿಳಕೊಳ್ಳಾಕ ಪುರಸೊತ್ತು ಕೊಡಬಾರದು ಅಂತ ಲೆಕ್ಕ. ಯಾವ ಹೋಟೆಲು, ಎಂಥ ರೂಮು, ದಿನಕ್ಕ ಎಷ್ಟು ಊಟ, ಗಾಡಿ ನಿಮ್ಮಿಬ್ಬರಿಗೇನೋ ಹತ್ತು ಮಂದಿ ಕೂಡೋ ಏನೋ, ಇಷ್ಟೂ ಕಾಗದದ ಮ್ಯಾಲೆ ಬರೆಸಿಕೋ. ಹೋಟೆಲ್ ಹೆಸರು ಸಿಕ್ಕ ಕೂಡಲೆ ನೀನ ಅಲ್ಲಿಗೆ ಫೋನ್ ಹಚ್ಚಿ ರೇಟ್ ಕೇಳು. ರೋಹ್ತಾಂಗ್ ಕಣಿವಿಗೆ ಗಾಡಿ ಪರ್ಮಿಟ್ ಬೇಕು, ಮಂಗಳವಾರ ಅದು ಬಂದ್. ಆ ಪರ್ಮಿಟ್ಟಿನ ರೊಕ್ಕ, ಹಿಮದಾಗ ಹಾಕ್ಕೊಳ್ಳೋ ಕೋಟು-ಬೂಟಿನ ಬಾಡಿಗಿ ಪ್ಯಾಕೇಜಿನ್ಯಾಗ ಅದಾವೇನು ಅಂತ ಕೇಳಿ ನೋಡು. ನನ್ನ ಗಿರಾಕಿಗಳು ಬಂದು ಹೇಳೋ ಪ್ರಕಾರ ಅವನ್ನೆಲ್ಲ ಅಲ್ಲಿ ಹೋದಮ್ಯಾಲೆ ಒಂದೊಂದಾಗಿ ಕೇಳ್ತಾರ.

ಇನ್ನ ದಿನದ ಲೆಕ್ಕ ಹಾಕು. ರಾಯಚೂರಾಗ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ್ರ ದಿಲ್ಲಿ ಮುಟ್ಟಾಕ ಒಂದೂಕಾಲು ದಿನ. ಅಲ್ಲಿಂದ ಮನಾಲಿಗೆ 500 ಕಿಲೋಮೀಟರಿನ ಮ್ಯಾಲೆ, ಪೂರಾ ಒಂದು ರಾತ್ರಿ ಬಸ್ಸು, ಕಡೀಕ ಎಲ್ಲಾ ಗುಡ್ಡದ ತಿರುವು. ಹೋಗಾಕ ಎರಡು ದಿನ, ಬರಾಕ ಎರಡು ದಿನ. ಏಳರಾಗ ನಿಮಗ ಉಳಿಯೋದು ಮೂರು. ವಿಮಾನಕ್ಕ ಅಂದ್ರ ಹೈದರಾಬಾದ್ ಇಲ್ಲಾ ಬೆಂಗಳೂರಿಗೆ ಹೋಗಿ ಹತ್ತಬೇಕು, ನಿನ್ನ 55,000ದಾಗ ಅರ್ಧ ಅಲ್ಲೇ ಕರಗತದ.

ಸಿಂಧನೂರು ಸೊಸಿ

ಅಣ್ಣಾರ ಲೆಕ್ಕ ಸರಿ ಐತಿ. ನಂದೊಂದು ಲೆಕ್ಕ ಕೇಳ್ರಿ.

ನನ್ನ ಮದುವಿ ಆಗಿ ಆರು ವರ್ಷ ಆತು. ನಮ್ಮನಿಯವರೂ ಹಿಂಗ, ನನಗ ಒಂದು ಮಾತು ಹೇಳದ ಕಾಶ್ಮೀರಕ್ಕ ಪ್ಯಾಕೇಜ್ ಮಾಡಿಸಿದ್ರು. ನನಗ ಸಣ್ಣಾಕಿ ಇದ್ದಾಗಿಂದ ಚಳಿ ಅಂದ್ರ ಆಗಿ ಬರಂಗಿಲ್ಲ, ಕೈಬೆರಳು ಮರಗಟ್ಟಿ ನೀಲಿ ಆಗ್ತಾವ. ಅಲ್ಲಿ ರೂಮಿನ್ಯಾಗ ಎರಡು ರಗ್ಗು ಹೊದ್ದುಕೊಂಡು ಕುಂತಿದ್ದೆ. ಅವರು ಬಾಗಿಲದಾಗ ನಿಂತು, "ಇಷ್ಟು ಖರ್ಚು ಮಾಡಿ ಬಂದೀವಿ, ಹೊರಗರೆ ಬಾ" ಅಂತಿದ್ರು. ಮದುವಿ ಆಗಿ ಎಂಟು ದಿನ ಆಗಿತ್ತು, ಆಗಂಗಿಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ. ಎದ್ದು ಹೋದೆ. ಫೋಟೋದಾಗ ನಕ್ಕೀನಿ.

ಊರಿಗೆ ಬಂದ ಎರಡು ತಿಂಗಳಿಗೆ ಕಂತಿನವರ ಫೋನು ನಾನ ಎತ್ತಿದೆ. 80,000 ಸಾಲ ಅಂತ ಆಗ ಗೊತ್ತಾತು. ನಮ್ಮವ್ವ ಕೊಟ್ಟ ಬೆಂಡೋಲಿ ಅಡ ಇಟ್ಟು ಕಟ್ಟಿದ್ವಿ, ಅದನ್ನ ಬಿಡಿಸಿಕೊಳ್ಳಾಕ ಹದಿನೇಳು ತಿಂಗಳು ಹಿಡೀತು. ಅವರು ಕೆಟ್ಟವರಲ್ರಿ, ನನಗ ಖುಷಿ ಆಗಲಿ ಅಂತನ ಮಾಡಿದ್ರು.

"ಆಕಿಗೆ ಇನ್ನೂ ಏನೂ ಹೇಳಿಲ್ಲ" ಅಂತ ಬರದೀರಲ್ಲ ತಮ್ಮಾ, ಆ ಸಾಲು ಓದಿ ನನಗ ತಡೀಲಿಲ್ಲ. ಇವತ್ತ ಫೋನ್ ಮಾಡಿ ಕೇಳ್ರಿ. ಎಲ್ಲಿಗೆ ಹೋಗೂಣು ಅಂತ ಕೇಳಿದ್ರ "ನೀವು ಎಲ್ಲಿಗಂತೀರಿ ಅಲ್ಲಿಗೆ" ಅಂತಾಳ, ನಮಗ ಹಂಗ ಹೇಳಾಕ ಕಲಿಸಿರ್ತಾರ. "ನಿಮಗ ಏನು ಆಗಿ ಬರಂಗಿಲ್ಲ" ಅಂತ ಕೇಳ್ರಿ.

ಕಾರಟಗಿ ಹುಡುಗ

ಅಕ್ಕಾರೆ, ನಿಮ್ಮದು ಓದಿ ಮಿಲ್ಲಿನ್ಯಾಗ ಸುಮ್ನ ಕುಂತುಬಿಟ್ಟೆ. ಮುಂಗಡ ಕೊಟ್ಟಿಲ್ಲ. ಏಜೆಂಟ್ ಮೂರು ಸಲ ಫೋನ್ ಮಾಡ್ಯಾನ, ಎತ್ತಿಲ್ಲ. ರಾತ್ರಿ ಆಕಿಗೆ ಕೇಳ್ತೀನಿ.

ಕೊಪ್ಪಳ ಮೇಷ್ಟ್ರು

ಊರಿನ ಪಂಚಾಂಗ ಮುಂದಿಟ್ಟುಕೊಂಡು ಯೋಚಿಸಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆ. ಆಷಾಢ ಹಿಡಿಯುವುದು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ನಡುವೆ ಕಡಿಮೆಯೆಂದರೂ ಎಂಟು ವಾರ ನಿಮ್ಮ ಕೈಯಲ್ಲಿವೆ. ಮೊದಲ ವಾರ ಕಂಕಣ ಬಿಚ್ಚುವುದು, ದೇವರು, ಬೀಗರ ಮನೆಗೆ ಹೋಗಿ ಬರುವುದು ಇದರಲ್ಲೇ ಕಳೆಯುತ್ತದೆ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1, ಅಲ್ಲಿಂದ ನಾಲ್ಕೈದು ದಿನಕ್ಕೆ ನಮ್ಮ ಕರಾವಳಿ. ಆಮೇಲೆ ಕೊಡಗು, ಮುನ್ನಾರ್, ಗೋಕರ್ಣ ಎಲ್ಲ ಕಡೆ ಕೊಡೆ ಹಿಡಿದೇ ತಿರುಗಬೇಕು. ಆದ್ದರಿಂದ ಮದುವೆಯ ಎರಡನೇ ವಾರದಿಂದ ಮೇ ಕೊನೆಯೊಳಗೆ ಹೋಗಿ ಬನ್ನಿ. ಶಾಲೆಗಳಿಗೆ ರಜೆ ಇರುವ ಕಾಲ, ರೂಮು ಈಗಲೇ ಹಿಡಿಯುವುದು ಒಳ್ಳೆಯದು.

ನಿಮ್ಮ ತಾಯಿಯವರ ಮಾತನ್ನು ತಳ್ಳಿಹಾಕಬೇಡಿ, ಅದನ್ನೇ ದಾರಿ ಮಾಡಿಕೊಳ್ಳಿ. ನಿಮ್ಮ ಕಡೆ ಬಹಳ ಮನೆಗಳಿಗೆ ಹುಲಿಗೆಮ್ಮನೇ ಮನೆದೇವರು. ಹುಲಿಗಿ ಇರುವುದು ಮುನಿರಾಬಾದಿನ ಪಕ್ಕ, ಹೊಳೆ ದಾಟಿದರೆ ಹೊಸಪೇಟೆ. ಮನೆಮಂದಿಯೆಲ್ಲ ಕೂಡಿ ದರ್ಶನ ಮಾಡಿ, ಅಲ್ಲೇ ಉಂಡು, ಅವರೇ ನಿಮ್ಮಿಬ್ಬರನ್ನು ಹೊಸಪೇಟೆ ಸ್ಟೇಷನ್ನಿಗೆ ಬಿಟ್ಟು ಬರಲಿ. ದೇವರ ಕೆಲಸ ಮುಗಿಸಿ ಹೊರಟವರನ್ನು ಯಾರೂ ಏನೂ ಅನ್ನುವುದಿಲ್ಲ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋಗಿ, ಆ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ನಮ್ಮ ಕಾಲದಲ್ಲಿ ಮಧುಚಂದ್ರ ಎಂಬ ಮಾತನ್ನು ಮನೆಯಲ್ಲಿ ಎತ್ತುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ದೇವರ ನೆಪ ಹೇಳಿ ನಾವಿಬ್ಬರೂ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿದ್ದೆವು. ಕ್ರಿ.ಶ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಅಂದು ಅಲ್ಲಿ ಬೇರೆ ಯಾರೂ ಇರಲಿಲ್ಲ. ಮುಖಮಂಟಪದ ಕಂಬಗಳ ನಡುವೆ ಕಲ್ಲು ತಂಪಾಗಿತ್ತು, ಮಧ್ಯಾಹ್ನವಿಡೀ ಕುಳಿತೆವು. ತೀರಿಹೋದ ತನ್ನ ಅಣ್ಣನ ವಿಷಯ ಆಕೆ ನನಗೆ ಮೊದಲ ಸಲ ಹೇಳಿದ್ದು ಅಲ್ಲಿ. ಮನೆಯಲ್ಲಿ ಹದಿನಾಲ್ಕು ಮಂದಿಯ ನಡುವೆ ಆ ಮಾತಿಗೆ ಎಡೆಯೇ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಎಷ್ಟು ದೂರ ಎನ್ನುವುದಕ್ಕಿಂತ ಇಬ್ಬರೇ ಕುಳಿತು ಮಾತಾಡಲು ಎಷ್ಟು ಹೊತ್ತು ಸಿಗುತ್ತದೆ ನೋಡಿಕೊಳ್ಳಿ.

ಕಂಪ್ಲಿ ಕೋಟೆ

ಊಟಿಗೆ ಹೋಗಿ ಬ್ರದರ್. ಮೈಸೂರು ತನಕ ರೈಲು, ಅಲ್ಲಿಂದ ಕಾರು. ಮೇ ತಿಂಗಳಲ್ಲಿ ನಮ್ಮ ಕಡೆ ಬೆಂಕಿ ಬಿಸಿಲು, ಅಲ್ಲಿ ಸ್ವೆಟರ್ ಹಾಕ್ಕೋಬೇಕು.

ಸ್ಟೇಷನ್ ರೋಡ್, ರಾಯಚೂರು

ಊಟಿ ಒಳ್ಳೇದ. ಆದ್ರ ಹೋಗೋರು ತಿಳ್ಕೊಂಡು ಹೋಗ್ರಿ. 2024ರ ಮೇ ತಿಂಗಳಿಂದ ನೀಲಗಿರಿಗೆ, ಕೊಡೈಕೆನಾಲಿಗೆ ಹೊರಗಿನ ಗಾಡಿಗೆ ಇ-ಪಾಸ್ ಬೇಕು, ಮೊದಲ ಆನ್‌ಲೈನಿನ್ಯಾಗ ಮಾಡಿಸ್ಕೊಳ್ಳಬೇಕು. ಬಂಡೀಪುರದ ಕಾಡಿನ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್. ಮಸಿನಗುಡಿ ಮ್ಯಾಲೆ ಹೋದ್ರ 36 ಹೇರ್‌ಪಿನ್ ತಿರುವು. ಮೆಟ್ಟುಪಾಳ್ಯಂದಿಂದ 46 ಕಿಲೋಮೀಟರಿನ ಪುಟ್ಟ ರೈಲದ, ಹಲ್ಲಿನ ಹಳಿ ಹಿಡಿದು ಗುಡ್ಡ ಏರತದ. ಅದರ ಟಿಕೆಟ್ ಮೇ ತಿಂಗಳಾಗ ಸಿಗೋದು ಕಷ್ಟ.

ಕಾರಟಗಿ ಹುಡುಗ

ಕೇಳಿದೆ ಅಕ್ಕಾರೆ. ನೀವು ಹೇಳಿದಂಗ ಕೇಳಿದೆ.

ಮೊದಲು ಸ್ವಲ್ಪ ಹೊತ್ತು ಸುಮ್ನಿದ್ಲು. ಆಮ್ಯಾಲೆ, "ನಗಬ್ಯಾಡ್ರಿ ಮತ್ತ" ಅಂತ ಹೇಳಿ ಶುರು ಮಾಡಿದ್ಲು. ಆಕಿಗೆ ಘಾಟಿ ದಾರಿ ಆಗಿ ಬರಂಗಿಲ್ಲ. ಕಾಲೇಜಿನವರು ಶೃಂಗೇರಿ, ಆಗುಂಬೆ ಪ್ರವಾಸಕ್ಕ ಒಯ್ದಾಗ ಇಳಿಯೋತನಕ ವಾಂತಿ. ಉಳಿದವರೆಲ್ಲ ಸೂರ್ಯಾಸ್ತ ನೋಡಾಕ ಹೋದ್ರ ಈಕಿ ಬಸ್ಸಿನ ಮೆಟ್ಟಿಲ ಮ್ಯಾಲೆ ನಿಂಬಿಹಣ್ಣು ಮೂಸಿಕೋತ ಕುಂತಿದ್ಲಂತ, ಸೀಟು ತೊಳೆಯಾಕ ಕ್ಲೀನರ್ ಬೈದಿದ್ನಂತ. ಆವತ್ತಿಂದ ಬಸ್ಸು ಹತ್ತೋ ಮುಂದ ಏನೂ ತಿನ್ನಂಗಿಲ್ಲ. "ಮದುವಿ ಆದ ಹೊಸತಿನ್ಯಾಗ ನಿಮ್ಮ ಮುಂದ ಹಂಗ ಆದ್ರ ಏನು ಮಾಡ್ಲಿ ಅಂತ ಒಂದು ತಿಂಗಳಿಂದ ಅಂಜಿಕೊಂಡೀನಿ" ಅಂದ್ಲು. ಯಾರೋ ಆಕಿ ಕಿವಿಗೆ ಮನಾಲಿ ಸುದ್ದಿ ಮುಟ್ಟಿಸಿದ್ರಂತ. ನನಗ ಗೊತ್ತಿಲ್ಲ, ಆಕಿಗೆ ಮೊದಲ ಗೊತ್ತಿತ್ತು.

ರೈಲಾದ್ರ ಏನೂ ಆಗಂಗಿಲ್ಲಂತ. ಕಿಟಕಿ ಕಡೆ ಕುಂತು ಎಷ್ಟು ದೂರ ಬೇಕಾದ್ರೂ ಬರ್ತೀನಿ ಅಂದ್ಲು. ಮೈಸೂರು ಅರಮನಿ ದೀಪ ನೋಡಬೇಕಂತ ಆಸೆ ಐತಂತ, ಸಮುದ್ರನೂ ಆಗಬಹುದಂತ. ಟ್ಯೂಷನ್ ಹೇಳಿ ಕೂಡಿಸಿದ 8,000 ತಾನೂ ಹಾಕ್ತಾಳಂತ, ನಾ ಬ್ಯಾಡ ಅಂದಿದ್ದಕ್ಕ ಸಿಟ್ಟು ಬಂತು. ನಿನ್ನೆ ಒಂದೂವರೆ ತಾಸು ಮಾತಾಡಿದ್ವಿ.

ಅಣ್ಣಾರೆ, ಬಸ್ಸಿಲ್ಲದ, ಘಾಟಿ ಇಲ್ಲದ ದಾರಿ ಯಾವುದರೆ ಐತೇನ್ರಿ?

ಸ್ಟೇಷನ್ ರೋಡ್, ರಾಯಚೂರು

ಅದ. ಪೂರಾ ಒಂದು ಸುತ್ತು, ಎಲ್ಲಾ ರೈಲಿನ ಮ್ಯಾಲನ. ಇದನ್ನ ಕೂಡಿಸಿ ಬರಿಯೋದಕ್ಕ ನನಗೂ ಖುಷಿ ಆತು.

ಶನಿವಾರ ಹುಲಿಗೆಮ್ಮನ ದರ್ಶನ ಇಟ್ಕೋರಿ. ರಾತ್ರಿ ಹೊಸಪೇಟಿಯಾಗ ಹಂಪಿ ಎಕ್ಸ್‌ಪ್ರೆಸ್ ಹತ್ರಿ. ಬಳ್ಳಾರಿ, ಗುಂತಕಲ್, ಬೆಂಗಳೂರು ಮ್ಯಾಲೆ ಅದು ಮೈಸೂರಿಗೇ ಹೋಗತದ, ಎಲ್ಲೂ ಇಳಿದು ಹತ್ತೋದಿಲ್ಲ. ರವಿವಾರ ಬೆಳಗ್ಗೆ ಮೈಸೂರು. ಶನಿವಾರನ ಯಾಕಂದ್ರ ಅರಮನಿ ದೀಪ ಹಚ್ಚೋದು ರವಿವಾರ ಮತ್ತು ಸರಕಾರಿ ರಜಾ ದಿನ ಸಂಜಿ 7ಕ್ಕ. ಸುಮಾರು 97,000 ಬಲ್ಬು ಒಮ್ಮೆಲೆ ಹತ್ತತಾವ. ಆರೂವರೆಗೇ ಹೋಗಿ ಎದುರಿನ ಬಯಲಾಗ ನಿಲ್ರಿ, ಹತ್ತೋ ಆ ಗಳಿಗಿನ ನೋಡಬೇಕು. ಮರುದಿನ ಝೂ, ಶ್ರೀರಂಗಪಟ್ಟಣ, ಸಂಜಿಗೆ ಕೆ.ಆರ್.ಎಸ್. ಬೃಂದಾವನ, ಎಲ್ಲಾ ಸಪಾಟು ದಾರಿ. ಝೂಗೆ ಮಂಗಳವಾರ ರಜಾ.

ಮೈಸೂರಿಂದ ಮುರ್ಡೇಶ್ವರಕ್ಕ ರಾತ್ರಿ ರೈಲದ, ಬೆಂಗಳೂರಿಂದ ಹೊರಟು ಮೈಸೂರು, ಹಾಸನ, ಮಂಗಳೂರು ಮ್ಯಾಲೆ ಹೋಗತದ. ಸಕಲೇಶಪುರ–ಸುಬ್ರಹ್ಮಣ್ಯದ ನಡುವಿನ ಘಾಟಿ ಇದರಾಗೂ ಅದ, 55 ಕಿಲೋಮೀಟರು, 57 ಸುರಂಗ. ಆದ್ರ ಬಸ್ಸಿನಂಗ ಒಮ್ಮೆ ಇತ್ತ ಒಮ್ಮೆ ಅತ್ತ ಎತ್ತಿ ಹಾಕಂಗಿಲ್ಲ, ನಿಧಾನಕ ಇಳೀತದ, ನಿಮ್ಮಾಕಿ ಮಲಗಿರ್ತಾಳ. ಮುರ್ಡೇಶ್ವರದಾಗ ಎರಡು ದಿನ ಇರ್ರಿ. ಮೂರೂ ಕಡೆ ಸಮುದ್ರ, 123 ಅಡಿ ಶಿವನ ಮೂರ್ತಿ, ರೂಮಿನಿಂದ ನಡಕೋತ ಹೋಗೋ ಅಷ್ಟು ಹತ್ರ ಎಲ್ಲಾ.

ಬರೋ ಮುಂದ ಕೊಂಕಣ ರೈಲಿನ್ಯಾಗ ಮಡಗಾವಿಗೆ ಹೋಗ್ರಿ. ಹೊನ್ನಾವರದಾಗ ಶರಾವತಿ ಮ್ಯಾಲಿನ ಸೇತುವಿ ಎರಡು ಕಿಲೋಮೀಟರಿನ ಮ್ಯಾಲದ, ಕೊಂಕಣ ರೈಲಿನ್ಯಾಗ ಅದ ಎಲ್ಲಾಕ್ಕಿಂತ ಉದ್ದಂದು. ಎರಡೂ ಕಡೆ ಕಿಟಕಿ ನೋಡ್ರಿ, ಒಂದು ಕಡೆ ಹೊಳಿ ಸಮುದ್ರಕ್ಕ ಕೂಡತದ. ಒಂದು ರಾತ್ರಿ ಮಡಗಾವಿನಾಗ ಇದ್ದು ಬೆಳಗ್ಗೆ ಅಮರಾವತಿ ಎಕ್ಸ್‌ಪ್ರೆಸ್ ಹಿಡದ್ರ ದೂಧಸಾಗರದ ಮುಂದ ಹಾಯ್ದು, ಹುಬ್ಬಳ್ಳಿ ಮ್ಯಾಲೆ ಸೀದಾ ಕೊಪ್ಪಳ. ಬ್ಯಾಸಿಗಿಯಾಗ ದೂಧಸಾಗರದಾಗ ನೀರು ಸಣ್ಣಗಿರತದ, ಅದನ್ನ ಈಗಲೇ ಹೇಳಿಬಿಡ್ತೀನಿ. ಅಮರಾವತಿ ವಾರದಾಗ ನಾಲ್ಕೇ ದಿನ, ಅದರ ದಿನ ನೋಡಿಕೊಂಡು ಉಳಿದದ್ದು ಹೊಂದಿಸ್ರಿ.

ಟಿಕೆಟ್ 60 ದಿನ ಮೊದಲ ಬೆಳಗ್ಗೆ 8ಕ್ಕ ತೆರೀತಾವ, ಮೊದಲಿನಂಗ 120 ದಿನ ಇಲ್ಲ, 2024ರ ನವೆಂಬರ್ ತಿಂಗಳಿಂದ ಕಮ್ಮಿ ಮಾಡ್ಯಾರ. ಎ.ಸಿ. ಟು ಟೈರಿನ್ಯಾಗ ಸೈಡ್ ಲೋವರ್, ಸೈಡ್ ಅಪ್ಪರ್ ಎರಡೂ ಕೂಡಿ ಸಿಕ್ರ ಬಿಡಬ್ಯಾಡ್ರಿ. ಪರದೆ ಎಳಕೊಂಡ್ರ ಒಳಗ ನೀವಿಬ್ಬರೇ. ನಾಲ್ಕು ಬರ್ತಿನ ಕಡೆ ಹೋದ್ರ ಎದುರಿನವರು ರಾತ್ರಿ ಹನ್ನೊಂದರ ತನಕ ಊರು, ಕುಲ ಎಲ್ಲಾ ಕೇಳ್ತಾರ. ತತ್ಕಾಲ್ ನಂಬಿ ಕುಂದರಬ್ಯಾಡ್ರಿ. ಆನ್‌ಲೈನಿನ್ಯಾಗ ಮಾಡಿಸಿದ್ದು ವೇಟಿಂಗಿನ್ಯಾಗ ಉಳಿದ್ರ ಚಾರ್ಟ್ ಆದ ಕೂಡಲೆ ತಾನ ರದ್ದಾಗತದ, ಅದನ್ನ ಹಿಡಕೊಂಡು ಬೋಗಿ ಹತ್ತಂಗಿಲ್ಲ.

ಬಳ್ಳಾರಿ ಸಿಸ್ಟರ್

ದಾರಿ ಚೆನ್ನಾಗೈತೆ. ನಾನು ಆಸ್ಪತ್ರೆಯಲ್ಲಿ ನರ್ಸ್, ಹೆರಿಗೆ ವಾರ್ಡಲ್ಲಿ ಬಹಳ ವರ್ಷ ಕೆಲಸ ಮಾಡಿದೀನಿ. ಬೇರೆ ಯಾರೂ ಬಾಯಿಬಿಟ್ಟು ಹೇಳದ ವಿಷಯ ನಾನು ಹೇಳ್ತೀನಿ, ಇಬ್ಬರೂ ಕೂಡಿ ಓದಿ.

ವಾಂತಿ ಮಾತ್ರೆ ದಾರಿ ಶುರು ಆಗೋಕೆ ಅರ್ಧ ಗಂಟೆ, ಒಂದು ಗಂಟೆ ಮುಂಚೆ ತಗೋಬೇಕು, ಶುರು ಆದ್ಮೇಲಲ್ಲ. ನಿದ್ದೆ ಬರುತ್ತೆ, ಅದು ಸಹಜ. ಖಾಲಿ ಹೊಟ್ಟೇಲಿ ಹೋಗೋದು ತಪ್ಪು, ಎರಡು ಇಡ್ಲಿಯಷ್ಟಾದರೂ ತಿನ್ನಲಿ. ಆಟೋ, ಕಾರಲ್ಲಿ ಮುಂದೆ ಕೂತು ದೂರ ನೋಡಬೇಕು, ಫೋನ್ ನೋಡಬಾರದು.

ಮುಟ್ಟಿನ ದಿನ ಲೆಕ್ಕ ಹಾಕಿ ತಾರೀಖು ಇಟ್ಕೊಳ್ಳಿ. ಇದನ್ನ ಹುಡುಗಿ ಬಾಯಿಂದ ತಾನಾಗಿ ಬರಲ್ಲ, ನೀವೇ "ಆ ವಾರ ನಿಮಗೆ ಅನುಕೂಲವಾ" ಅಂತ ಕೇಳಬೇಕು. ಮುಂದೂಡೋ ಮಾತ್ರೇನ ಮೆಡಿಕಲ್ ಶಾಪಿಂದ ತಂದು ನುಂಗಿಸಬೇಡಿ. ಅದನ್ನ ಮೂರು ದಿನ ಮುಂಚೆ ಶುರು ಮಾಡಬೇಕು, ಕೆಲವರಿಗೆ ಕೊಡೋ ಹಾಗೂ ಇಲ್ಲ, ಡಾಕ್ಟರನ್ನ ಕೇಳಿಯೇ ತಗೋಬೇಕು.

ಮಗು ಯಾವಾಗ ಅನ್ನೋದನ್ನ ಹೊರಡೋಕೆ ಮುಂಚೆಯೇ ಮಾತಾಡಿ. ಸದ್ಯಕ್ಕೆ ಬೇಡ ಅಂದ್ರೆ ಕಾಂಡೋಮ್ ಇಟ್ಕೊಳ್ಳಿ, ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಕೊಡ್ತೀವಿ. ಗುಳಿಗೆ ಬೇಕಂದ್ರೆ ಹೊರಡೋ ಹಿಂದಿನ ದಿನ ಶುರು ಮಾಡಿದ್ರೆ ಆಗಲ್ಲ. ಮುಟ್ಟಾದ ಮೊದಲ ಐದು ದಿನದೊಳಗೆ ಶುರು ಮಾಡಿದ್ರೆ ಆವಾಗಿಂದಲೇ ಕೆಲಸ ಮಾಡುತ್ತೆ, ನಡುವೆ ಶುರು ಮಾಡಿದ್ರೆ ಏಳು ದಿನ ಕಾಂಡೋಮೂ ಬೇಕು. ಕೂಡಿದ ಮೇಲೆ 72 ಗಂಟೆಯೊಳಗೆ ತಗೊಳ್ಳೋ ಆ ಒಂದು ಮಾತ್ರೆ ಇದೆಯಲ್ಲ, ಅದು ಆಪತ್ತಿಗೆ. ವಾರದಲ್ಲಿ ಎರಡು ಮೂರು ಸಲ ನುಂಗಿ ರಕ್ತಸ್ರಾವ ಅಂತ ಅಳ್ತಾ ಬಂದ ಹುಡುಗೀರನ್ನ ನಾನು ನೋಡಿದೀನಿ.

ಹೊಸದಾಗಿ ಮದುವೆ ಆದವರಿಗೆ ಉರಿಮೂತ್ರ ಬಹಳ ಕಾಡುತ್ತೆ. ಕೂಡಿದ ಮೇಲೆ ಎದ್ದು ಮೂತ್ರ ಮಾಡಿ ಬರಬೇಕು, ನೀರು ಜಾಸ್ತಿ ಕುಡೀಬೇಕು. ರೈಲಲ್ಲಿ ಶೌಚಾಲಯ ಸರಿ ಇರಲ್ಲ ಅಂತ ನೀರು ಬಿಡೋದೇ ಬಹಳ ಜನ ಮಾಡೋ ತಪ್ಪು. ಉರಿ ಜೊತೆ ಜ್ವರ, ಸೊಂಟ ನೋವು ಬಂದ್ರೆ ಅಲ್ಲೇ ಡಾಕ್ಟರಿಗೆ ತೋರಿಸಿ, ಊರಿಗೆ ಬಂದು ನೋಡೋಣ ಅನ್ನಬೇಡಿ.

ಇನ್ನೊಂದು. ಮೊದಲ ಸಲ ಎಲ್ಲ ಹೆಣ್ಣುಮಕ್ಕಳಿಗೂ ರಕ್ತ ಬರಲ್ಲ. ಬರಲಿಲ್ಲ ಅಂತ ಅನುಮಾನ ಪಟ್ಟು ಮೂರೇ ದಿನಕ್ಕೆ ತಿರುಗಿ ಬಂದ ಜೋಡಿ ನನಗೆ ಗೊತ್ತು, ಆ ಹುಡುಗಿ ಮುಖ ಈಗಲೂ ಕಣ್ಣ ಮುಂದಿದೆ. ಮದುವೆ ಮನೇಲಿ ಹದಿನೈದು ದಿನ ನಿದ್ದೆಗೆಟ್ಟ ದೇಹ ಇಬ್ಬರದ್ದೂ. ಮೊದಲ ಎರಡು ರಾತ್ರಿ ಬರೀ ಮಲಗಿ ಎದ್ದರೂ ಏನೂ ಕಳಕೊಳ್ಳಲ್ಲ. ಆಕೆ ಬೇಡ ಅಂದ್ರೆ ಬೇಡ.

ಸಿಂಧನೂರು ಸೊಸಿ

ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೀನಿ. ಇದನ್ನ ಆರು ವರ್ಷದ ಹಿಂದ ನನಗ ಯಾರರೆ ಹೇಳಿದ್ದರ.

ಆನೆಗೊಂದಿ ಹೊಳಿದಂಡಿ

ರೈಲು ಸುತ್ತಲೂ ರೊಕ್ಕ ಇಲ್ಲದವರು ಈ ಚರ್ಚೆ ಓದ್ತಿರಬಹುದು, ಅವರಿಗೆ ಹೇಳ್ತೀನಿ. ದೇಶ ವಿದೇಶದಿಂದ ಜೋಡಿಗಳು ನಮ್ಮ ಹಂಪಿ, ಆನೆಗೊಂದಿ ಹುಡುಕಿಕೊಂಡು ಬರ್ತಾವ. ಕೊಪ್ಪಳ, ಬಳ್ಳಾರಿಯವರು ಮಾತ್ರ ಶಾಲಿ ಪ್ರವಾಸಕ್ಕ ಒಮ್ಮೆ ಬಂದು, ಆಮ್ಯಾಲೆ ಬೀಗರನ್ನ ಕರಕೊಂಡು ಒಮ್ಮೆ ಬಂದು ಮುಗಿಸ್ತಾರ. ಇಲ್ಲಿ ಎರಡು ರಾತ್ರಿ ಇದ್ದು ನೋಡ್ರಿ. ಬೆಳಗಿನ ಆರಕ್ಕ ಹೊಳಿ ದಂಡಿಗೆ ಬಂದ್ರ ನೀರು, ಬಂಡೆ, ಹರಿಗೋಲು ಬಿಟ್ರ ಬೇರೆ ಏನೂ ಇರಂಗಿಲ್ಲ. ಅಂಜನಾದ್ರಿ 575 ಮೆಟ್ಟಿಲು ಬಿಸಿಲು ಏರೋದ್ರೊಳಗ ಹತ್ತಿ ಇಳೀಬೇಕು. ದರೋಜಿ ಕರಡಿಧಾಮ ಮಧ್ಯಾಹ್ನ 2ರ ಮ್ಯಾಲೆ, ಬಂಡೆ ಮ್ಯಾಲಿನಿಂದ ಕರಡಿ ಇಳಿಯೋದು ಕಾಣ್ತೈತಿ.

ಮೇ ತಿಂಗಳಿಗೆ ಮಾತ್ರ ನಾನ ಬ್ಯಾಡ ಅಂತೀನಿ. ಈ ಬಂಡೆಗಳು ಕಾದ್ರ ರಾತ್ರಿ ಹತ್ತರ ತನಕ ಝಳ ಬಿಡಂಗಿಲ್ಲ. ದಸರಾ ಆದಮ್ಯಾಲೆ ಬರ್ರಿ. ಸಣಾಪುರದ ಕಡೆ ಬಂಡೆಯಿಂದ ಹೊಳಿಗೆ ಜಿಗಿಯೋದು ಬ್ಯಾಡ, ಮ್ಯಾಲೆ ಸುಮ್ನ ಕಂಡ್ರೂ ಒಳಗ ಸೆಳವು ಐತಿ. ಕತ್ತಲಾದ ಮ್ಯಾಲೆ ಕಾಲುವಿ ದಂಡಿಗೆ ಇಬ್ಬರೇ ಕೂಡ್ರಾಕ ಹೋಗಬ್ಯಾಡ್ರಿ.

ಕೌಲ್ ಬಜಾರ್

ನಡುವೆ ಕೇಳ್ತಿದೀನಿ, ಕ್ಷಮಿಸಿ. ನಂದು ಬಳ್ಳಾರೀಲಿ ಜೀನ್ಸ್ ಹೊಲಿಯೋ ಯೂನಿಟ್. ಡಿಸೆಂಬರ್ ಮದುವೆ, ಬಾಲಿಗೆ ಹೋಗೋಣ ಅಂತಿದೀವಿ. ಹುಡುಗಿ ಪಾಸ್‌ಪೋರ್ಟ್ ತವರಿನ ಹೆಸರಲ್ಲಿದೆ. ಬದಲಾಯಿಸಲೇಬೇಕಾ?

ಸ್ಟೇಷನ್ ರೋಡ್, ರಾಯಚೂರು

ಬೇಕಿಲ್ಲ. ಪಾಸ್‌ಪೋರ್ಟಿನ್ಯಾಗ ಹೆಂಗದ ಹಂಗ, ಒಂದು ಅಕ್ಷರ ಹೆಚ್ಚು ಕಮ್ಮಿ ಆಗದಂಗ ಟಿಕೆಟ್ ಮಾಡಿಸ್ರಿ. ಹೆಸರು ಬದಲಾಯಿಸಾಕ ಹೋಗಿ ನಡುವ ಸಿಕ್ಕೊಂಡವರು ಅದಾರ, ತಿರುಗಿ ಬಂದಮ್ಯಾಲೆ ನಿಧಾನಕ ಮಾಡ್ಕೋರಿ. ಇಂಡೋನೇಷ್ಯಾಕ್ಕ ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದ್ರೂ ಉಳಿದಿರಬೇಕು, ಅದನ್ನ ಇವತ್ತ ತೆಗೆದು ನೋಡ್ರಿ. ವೀಸಾ ಅಲ್ಲಿ ಇಳಿದ ಮ್ಯಾಲೆ ಸಿಗತದ. ಒಂದ ಮಾತು, ಡಿಸೆಂಬರಾಗ ಅಲ್ಲಿ ಮಳಿಗಾಲ.

ಸಿಂಧನೂರು ಸೊಸಿ

ಕಾರಟಗಿ ತಮ್ಮಾ, ಸಾಮಾನಿನ ಮಾತು. ಬಂಗಾರ ಒಯ್ಯಬ್ಯಾಡ್ರಿ. ತಾಳಿ ಕರಿಮಣಿ ಒಂದು, ಕಿವಿಗೆ ಸಣ್ಣ ಟಿಕ್ಕಿ. ಉಳಿದದ್ದು ನಿಮ್ಮವ್ವನ ಕೈಯಾಗ ಆಕಿ ಎದುರಿಗೇ ಎಣಿಸಿ ಕೊಡ್ರಿ, ಮುಂದ ಮಾತು ಬರಬಾರದು. ಹೊಸ ಸೊಸಿ ಸೀರಿಯಾಗ ಇರಬೇಕಂತ ಮನ್ಯಾಗ ಅಂತಾರ, ರೈಲು ಹತ್ತಿದ ಮ್ಯಾಲೆ ಚೂಡಿದಾರ ಹಾಕ್ಕೊಳ್ಳಾಕ ನೀವ ಹೇಳ್ರಿ, ತಾನಾಗಿ ಕೇಳಂಗಿಲ್ಲ. ಮ್ಯಾಲಿನ ಬರ್ತಿಗೆ ಸೀರಿ ಉಟ್ಟು ಹತ್ತೋದು ಎಷ್ಟು ತ್ರಾಸು ಅಂತ ಗಂಡಸರಿಗೆ ಗೊತ್ತಿರಂಗಿಲ್ಲ.

ಟಿಕೆಟಿನ್ಯಾಗ ಆಕಿ ಹೆಸರು ಆಧಾರದಾಗ ಇದ್ದಂಗ ತವರಿನ ಹೆಸರ ಇರಲಿ. ಇಬ್ಬರ ಆಧಾರದಾಗ ಬ್ಯಾರೆ ಬ್ಯಾರೆ ವಿಳಾಸ ಐತಿ ಅಂತ ಅಂಜಬ್ಯಾಡ್ರಿ, ನಮಗ ಎಲ್ಲೂ ತಕರಾರು ಆಗಲಿಲ್ಲ. ಮನಸ್ಸಿನ ಸಮಾಧಾನಕ್ಕ ಲಗ್ನಪತ್ರಿಕಿ ಫೋಟೋ ಫೋನಿನ್ಯಾಗ ಇರಲಿ. ಮದುವಿ ನೋಂದಣಿನೂ ಈಗ ಕಾವೇರಿ ತಂತ್ರಾಂಶದಾಗ ಮನಿಯಿಂದನ ಹಾಕಬಹುದು, ಹೋಗಿ ಬಂದು ಮಾಡ್ಸಿಬಿಡ್ರಿ.

ಕಾರಟಗಿ ಹುಡುಗ

ಎಲ್ಲಾರಿಗೂ ಸುದ್ದಿ ಹೇಳಬೇಕು.

ಸಿಸ್ಟರ್ ಬರೆದದ್ದನ್ನ ಆಕಿಗೆ ಕಳಿಸಿದೆ. ಒಂದು ದಿನ ಏನೂ ಹೇಳಲಿಲ್ಲ. ಮರುದಿನ, "ನಾ ಹೇಳಬೇಕಂದದ್ದನ್ನೆಲ್ಲ ಅವರ ಹೇಳ್ಯಾರ, ಒಂದು ವಾರ ಮುಂದಕ ಹಾಕ್ರಿ" ಅಂತ ಬರೆದ್ಲು. ಹಂಗ ಮಾಡಿದೆ.

ಅವ್ವನ ಮುಂದ ಮೇಷ್ಟ್ರ ಮಾತು ಇಟ್ಟೆ. ಹುಲಿಗಿಗೆ ಹೋಗಿ ಅಲ್ಲಿಂದ ಹೋಗ್ತೀವಿ ಅಂದಾಗ ಸ್ವಲ್ಪ ಹೊತ್ತು ಅಕ್ಕಿ ಹಸನು ಮಾಡಿಕೋತ ಕುಂತಿದ್ಲು. ಆಮ್ಯಾಲೆ, "ನಿಮ್ಮಪ್ಪ ನನ್ನ ಹೊಸಪೇಟಿ ಡ್ಯಾಮ್ ತನಕ ಕರಕೊಂಡು ಹೋಗ್ತೀನಿ ಅಂದವರು ಮೂವತ್ತು ವರ್ಷ ಆತು" ಅಂದ್ಲು. ನನಗ ಏನು ಹೇಳಬೇಕು ತಿಳೀಲಿಲ್ಲ. ದರ್ಶನದ ದಿನ ನಮ್ಮನ್ನ ಸ್ಟೇಷನ್ನಿಗೆ ಬಿಡೋ ಮೊದಲು ಅಪ್ಪ ಅವ್ವ ಇಬ್ಬರನ್ನೂ ಡ್ಯಾಮಿಗೆ ಕಳಸ್ತೀನಿ, ಗಾಡಿಯವನಿಗೆ ಹೇಳಿಟ್ಟೀನಿ.

ಇವತ್ತು ಬೆಳಗ್ಗೆ 8ಕ್ಕ ಟಿಕೆಟ್ ತೆರೆಯೋ ಹೊತ್ತಿಗೆ ನಾ ಮಿಲ್ಲಿನ ವೇಬ್ರಿಡ್ಜಿನ್ಯಾಗ ಇದ್ದೆ, ಭತ್ತದ ಲಾರಿ ಸಾಲು ನಿಂತಿತ್ತು, ನೆಟ್‌ವರ್ಕ್ ಬರಲಿಲ್ಲ. ಟಿಕೆಟ್ ಹೋತು ಅಂತ ತಿಳಿದೆ. 8 ಗಂಟೆ 4 ನಿಮಿಷಕ್ಕ ಫೋನಿಗೆ ಫೋಟೋ ಬಂತು. ಆಕಿ ಮಾನ್ವಿಯಿಂದ ತನ್ನ ಫೋನಿನ್ಯಾಗ ಮಾಡ್ಯಾಳ. 23 ಸೈಡ್ ಲೋವರ್, 24 ಸೈಡ್ ಅಪ್ಪರ್. ಕೆಳಗ ಬರೆದಿದ್ಲು: "23 ನಂದು. ಕಿಟಕಿ."

ಒಂದ ಉಳಿದೈತಿ. ಅವ್ವ ರೊಟ್ಟಿ ಬುತ್ತಿ ಕಟ್ಟಿ ಕೊಡ್ತೀನಿ ಅಂತ ಕುಂತಾಳ. ಮೇ ತಿಂಗಳ ಬಿಸಿಲು, ಆರೇಳು ದಿನ, ಸಮುದ್ರದ ಊರು. ತಡೀತಾವೇನ್ರಿ ಅಕ್ಕಾರೆ?

ಸಿಂಧನೂರು ಸೊಸಿ

ಮೆತ್ತನ ರೊಟ್ಟಿ ಮೊದಲನೇ ರಾತ್ರಿಗಷ್ಟ ಇರಲಿ, ಎಣ್ಣಿಗಾಯಿ ಜೋಡಿ ರೈಲಿನ್ಯಾಗ ಉಂಡು ಮುಗಿಸ್ರಿ. ಉಳಿದದ್ದಕ್ಕ ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಅವು ಕೆಡಂಗಿಲ್ಲ, ಆದ್ರ ಕಡಲ ಗಾಳಿಗೆ ಒಂದ ದಿನಕ್ಕ ಮೆತ್ತಗಾಗಿ ಚರ್ಮದಂಗ ಆಗ್ತಾವ. ಬಟ್ಟಿಯಾಗ ಕಟ್ಟಬ್ಯಾಡ್ರಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಾಗ ಹಾಕ್ರಿ, ಬೇಕಾದಷ್ಟ ತೆಗೆದು ತಿರುಗಿ ಮುಚ್ರಿ. ನಿಮ್ಮಾಕಿಗೆ ಒಂದು ಸಣ್ಣ ಡಬ್ಬಿಯಾಗ ನಿಂಬಿ ಉಪ್ಪಿನಕಾಯಿ ಬ್ಯಾರೆ ಇಡ್ರಿ, ಮಡಗಾವಿನಾಗ ಆಟೋ ಹತ್ತೋ ಮುಂದ ಬೇಕಾಗತೈತಿ.